ಕುಂಬಳಕಾಯಿ ಕೊಟ್ಟಿರಿ, ಒಲೆ ಎಲ್ಲಿ?

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನಮ್ಮ ಕುಂಬಳಕಾಯಿ ಮಾರಾಟಕ್ಕೆ ಕೂತಿತ್ತು. ನಮ್ಮದೇ ಅಂತ ಗುರುತು ಹಿಡಿಯೋದು ಕಷ್ಟವಿರಲಿಲ್ಲ. ಬೇಲಿಯ ಕಲ್ಲಿಗೆ ಒರಗಿಕೊಂಡೇ ಬೆಳೆದ ಕಾಯಿ ಅದು, ಒಂದು ಪಕ್ಕ ಚಪ್ಪಟೆಯಾಗಿ ಸಿಪ್ಪೆ ಬೆಳ್ಳಗೆ ಉಳಿದಿತ್ತು. ಹಿಂದಿನ ದಿನ ಸಂಜೆ ಅದನ್ನು ಮಾರ್ಕೆಟ್ ಹತ್ತಿರದ ಅಂಗಡಿ ಜಗಲಿಯಲ್ಲಿ ಮಲಗುವ ಅಜ್ಜನ ಕೈಗೆ ನಾವೇ ಕೊಟ್ಟಿದ್ದೆವು. ಈಗ ಅವರು ಗೋಣಿಚೀಲ ಹಾಸಿ, ಅದೊಂದೇ ಕಾಯಿ ಮುಂದಿಟ್ಟುಕೊಂಡು ಕೂತಿದ್ದಾರೆ.

ನನ್ನ ಜೊತೆಗಿದ್ದ ಪಕ್ಕದ ಮನೆ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ನೋಡು, ಹಸಿದವರಿಗೆ ಅಂತ ಬೆಳೆದು ಕೊಟ್ರೆ ಇವರು ವ್ಯಾಪಾರ ಮಾಡ್ತಾ ಇದ್ದಾರೆ!" ಅಜ್ಜನಿಗೆ ಕೇಳಿಸಿತು. ನಾಚಿಕೊಳ್ಳಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ.

"ಇದನ್ನ ನಾನು ಎಲ್ಲಿ ಬೇಯಿಸ್ಲಿ ಅಮ್ಮ? ಒಲೆ ಉಂಟಾ, ಪಾತ್ರೆ ಉಂಟಾ? ಮಾರಿದ್ರೆ ಒಂದು ಹೊತ್ತಿನ ಊಟಕ್ಕೆ ಆಗ್ತದೆ."

ಅಕ್ಕ ಮಾತಾಡಲಿಲ್ಲ. ನನಗೇನೋ ಅವರು ಮಾರೋಕೆ ಕೂತದ್ದರಲ್ಲಿ ತಪ್ಪು ಕಾಣಲಿಲ್ಲ. ಕೊಟ್ಟ ಮೇಲೆ ಅದು ಅವರದ್ದು, ಅಲ್ವಾ?

ನಮ್ಮ ತರಕಾರಿ ತೋಟ ಅಂತ ದೊಡ್ಡದೇನೂ ಇಲ್ಲ. ಬೆಂಗಳೂರಿಗೆ ಹೋಗಿ ನೆಲೆಸಿದವರೊಬ್ಬರ ಮನೆ ಹಿಂದಿನ ಖಾಲಿ ಜಾಗ. ಪೂರ್ತಿ ಇಳಿಜಾರು. ನಮ್ಮ ಬೀದಿಯ ಏಳೆಂಟು ಮನೆಯವರು ಸೇರಿ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಪಾತಿ ಮಾಡಿದ್ದೇವೆ. ಹರಿವೆ, ಬೀನ್ಸ್, ಮೂಲಂಗಿ, ಬಸಳೆ, ಒಂದು ಸೀಮೆಬದನೆ ಚಪ್ಪರ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳೋ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಬೆಳೆಯೋದು ಅಂದರೆ ಬಸವನಹುಳುಗಳಿಗೆ ಅನ್ನ ಹಾಕಿದ ಹಾಗೆಯೇ. ಆದರೂ ಮಳೆ ಬಿಟ್ಟ ಮೇಲೆ ಮನೆಗಳಿಗೆ ಸಾಕಾಗಿ ಮಿಗುತ್ತಿತ್ತು. ಮಿಕ್ಕಿದ್ದನ್ನು ಇಲ್ಲದವರಿಗೆ ಕೊಡೋಣ ಅಂತ ಎಲ್ಲರೂ ಒಪ್ಪಿದ್ದೆವು.

ಲೈನ್ ಮನೆಗಳಲ್ಲಿ, ಅಂದರೆ ಕಾಫಿ ತೋಟದ ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳಲ್ಲಿ ಇರುವವರಿಗೆ, ಬಾಡಿಗೆ ಕೋಣೆಯಲ್ಲಿ ಮಕ್ಕಳನ್ನು ಸಾಕುವವರಿಗೆ ಈ ತರಕಾರಿ ನಿಜಕ್ಕೂ ಉಪಯೋಗ. ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಸಾರಿಗೆ ಹಾಕೋಕೆ ಏನೂ ಸಿಗಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಹೊಸ ಮನೆ ಕಟ್ಟಿಕೊಟ್ಟರು. ಅಲ್ಲಿಗೆ ಹೋದ ನಮ್ಮ ಪರಿಚಯದ ಒಬ್ಬರು ಸಿಕ್ಕಾಗಲೆಲ್ಲ ಹೇಳೋದು ಹಿತ್ತಲಿನ ಮಾತನ್ನೇ. ಮೊದಲು ಕೆಸುವಿನ ಎಲೆಗೆ, ಹಸಿಮೆಣಸಿಗೆ, ಕರಿಬೇವಿಗೆ ದುಡ್ಡು ಕೊಟ್ಟವರೇ ಅಲ್ಲ. ಈಗ ಎಲ್ಲವನ್ನೂ ತೂಕಕ್ಕೆ ತರಬೇಕು.

ಆದರೆ ಅಜ್ಜನಿಗೆ ಅಕ್ಕಿಯೂ ಇಲ್ಲ. ಕಾರ್ಡಿಗೆ ವಿಳಾಸ ಬೇಕಲ್ಲ, ಜಗಲಿಗೆ ಎಲ್ಲಿಯ ವಿಳಾಸ? ಇಂದಿರಾ ಕ್ಯಾಂಟೀನ್ ಊಟಕ್ಕೂ ಕೈಯಲ್ಲಿ 10 ರೂಪಾಯಿ ಇರಬೇಕು. ಇನ್ನು ಸೂರಿಲ್ಲದವರಿಗೆ ರಾತ್ರಿ ತಂಗೋ ಕೇಂದ್ರ ಇರಬೇಕು ಅಂತ ಸರ್ಕಾರದ ನಿಯಮವೇ ಇದೆ, ಒಂದು ಲಕ್ಷ ಜನಸಂಖ್ಯೆಗೆ ಒಂದು ಅನ್ನೋ ಲೆಕ್ಕದಲ್ಲಿ. 2011ರ ಜನಗಣತಿಯಲ್ಲಿ ನಮ್ಮ ಊರಿನ ಜನಸಂಖ್ಯೆ 33 ಸಾವಿರದ ಆಸುಪಾಸು. ಲೆಕ್ಕ ಹಾಕಿಕೊಳ್ಳಿ.

ಕಾಯಿ ಮಧ್ಯಾಹ್ನದವರೆಗೂ ಮಾರಿಹೋಗಲಿಲ್ಲ. ನಾವು ಸಂತೆ ಮುಗಿಯೋ ಹೊತ್ತಿಗೆ ವ್ಯಾಪಾರಿಗಳು ಬಿಸಾಕೋ ಕೋಸಿನ ಎಲೆ, ಮೂಲಂಗಿ ಸೊಪ್ಪು ಎಲ್ಲ ಚೀಲಕ್ಕೆ ತುಂಬಿಕೊಂಡು ಹೋಗುತ್ತೇವೆ, ಗೊಬ್ಬರದ ಗುಂಡಿಗೆ. ಅಜ್ಜ ನೋಡುತ್ತಾ ಇದ್ದವರು ಎದ್ದು ಬಂದು ಒಂದು ಚೀಲ ಹೆಗಲಿಗೆ ಹಾಕಿಕೊಂಡರು. ಕರೆದಿರಲಿಲ್ಲ. ಇನ್ನೊಂದು ಕೈಯಲ್ಲಿ ಕುಂಬಳಕಾಯಿ.

ತೋಟಕ್ಕೆ ಬಂದವರು ಮೊದಲು ಮಾಡಿದ ಕೆಲಸ ಮಣ್ಣು ನೋಡಿದ್ದು. ಬೀನ್ಸ್ ಪಾತಿಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹಿಂಡಿ, ಉಗುರಲ್ಲಿ ಒಡೆದರು. "ಮಳೆಗೆ ಸಾರ ಎಲ್ಲ ತೊಳೆದುಹೋಗಿದೆ. ಮಣ್ಣು ಹುಳಿ ಆಗಿದೆ. ಸುಣ್ಣ ಹಾಕಿದ್ರಾ?" ಹಾಕಿರಲಿಲ್ಲ. ಎಲೆ ಹಳದಿಯಾಗಿದ್ದಕ್ಕೆ ನಾವು ಸೆಗಣಿ ಮೇಲೆ ಸೆಗಣಿ ಸುರಿದಿದ್ದೆವು. ಆಮೇಲೆ ಮೇಲಿನ ಪಾತಿಯ ಅಂಚು ತೋರಿಸಿ, ಇಲ್ಲಿ ತೊಟ್ಟಿಲು ಗುಂಡಿ ತೆಗೆಯದಿದ್ರೆ ಮುಂದಿನ ಮಳೆಗೆ ಕೆಳಗಿನ ಮೆಟ್ಟಿಲು ಉಳಿಯಲ್ಲ ಅಂದರು. ಗುದ್ದಲಿ ಕೇಳಿದರು. ಇಳಿಜಾರಿಗೆ ಅಡ್ಡವಾಗಿ, ಹರಿದು ಬರೋ ನೀರು ನಿಂತು ಇಂಗೋ ಹಾಗೆ, ಉದ್ದಕ್ಕೆ ಒಂದು ಗುಂಡಿ. ಅಂಚು ಎಷ್ಟು ನೇರ ಅಂದರೆ ಹಗ್ಗ ಕಟ್ಟಿ ತೆಗೆದ ಹಾಗಿತ್ತು. ಅಲ್ಲಲ್ಲಿ ಕೂತು ಉಸಿರು ತಗೊಳ್ಳುತ್ತಿದ್ದರು ಅಷ್ಟೇ.

ಕಾಫಿ ತೋಟದಲ್ಲಿ ಜೀವಮಾನವಿಡೀ ದುಡಿದವರಂತೆ. ಗಿಡ ಕಪಾತು (ರೆಂಬೆ ಸವರೋದು), ಮರಗಸಿ (ನೆರಳಿನ ಮರ ಹತ್ತಿ ಕೊಂಬೆ ಕಡಿಯೋದು), ಸುಣ್ಣ ಎರಚೋದು, ಎಲ್ಲ. ಮರ ಹತ್ತೋಕೆ ಆಗದ ಮೇಲೆ ಕೆಲಸ ಹೋಯಿತು. ಕೆಲಸದ ಜೊತೆ ಲೈನ್ ಮನೆಯೂ ಹೋಯಿತು. ಮಕ್ಕಳ ಸುದ್ದಿ ಅವರು ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಸಂಜೆ ಅಲ್ಲೇ ಕಟ್ಟೆ ಮೇಲೆ ಕೂತು ಮಾತಾಯಿತು. ನಮ್ಮಲ್ಲಿ ಓದಿಕೊಂಡ ಒಬ್ಬ ಹುಡುಗ ಇದ್ದಾನೆ. ಅಮೆರಿಕದ ಡೆಟ್ರಾಯಿಟ್ ಕಥೆ ಹೇಳಿದ. 1893ರಲ್ಲಿ ವ್ಯಾಪಾರ ವಹಿವಾಟೆಲ್ಲ ಕುಸಿದು ಸಾವಿರಾರು ಜನ ಕೆಲಸ ಕಳೆದುಕೊಂಡಾಗ ಅಲ್ಲಿನ ಮೇಯರ್ ಹೇಜನ್ ಪಿಂಗ್ರೀ ಊರಿನ ಖಾಲಿ ನಿವೇಶನಗಳನ್ನು ಆಲೂಗಡ್ಡೆ ಬೆಳೆಯೋಕೆ ಬಿಟ್ಟುಕೊಟ್ಟರಂತೆ. ಅಕ್ಕ ತಕ್ಷಣ ಕೇಳಿದರು: "ಅವರಿಗೆ ಮನೆ ಇತ್ತಲ್ವಾ? ಬೇಯಿಸ್ಕೊಂಡ್ರು." ಬೆಳಗ್ಗೆ ಸಿಟ್ಟಾದವರೇ ಈಗ ಅಜ್ಜನ ಪ್ರಶ್ನೆ ಕೇಳುತ್ತಿದ್ದರು. ಅದೇ ದೇಶದ ಸಾಂತಾ ಕ್ರೂಜ್ ಊರಲ್ಲಿ 1990ರಿಂದ ಸೂರಿಲ್ಲದವರಿಗೆ ಅಂತಲೇ ಒಂದು ತೋಟ ನಡೀತಾ ಇದೆ, ಅಲ್ಲಿ ಅವರಿಗೆ ಕೆಲಸ ಕಲಿಸಿ ಸಂಬಳ ಕೊಡ್ತಾರೆ ಅಂದ. ಇದು ಎಲ್ಲರಿಗೂ ಸರಿ ಅನ್ನಿಸಿತು. ಆದರೆ ನಮ್ಮ ಹತ್ತಿರ ಸಂಬಳ ಕೊಡೋಷ್ಟು ದುಡ್ಡೆಲ್ಲಿದೆ?

ಮೊದಲು ಒಲೆ ಹುಡುಕೋಣ ಅಂತ ಎದ್ದೆವು. ಬಸ್ ನಿಲ್ದಾಣದ ಹತ್ತಿರ ಮೆಸ್ ನಡೆಸುವ ಒಬ್ಬರು ಅಕ್ಕನಿಗೆ ಪರಿಚಯ. ಅವತ್ತು ರಾತ್ರಿಯೇ ಹೋಗಿ ಕೇಳಿದೆವು. ವಾರಕ್ಕೆರಡು ಸಲ ನಾವು ತರಕಾರಿ ಹಾಕೋದು, ಅದರ ಬೆಲೆಗೆ ತಕ್ಕ ಹಾಗೆ ನಾವು ಹೇಳಿದವರಿಗೆ ಊಟ. ಅವರು ವ್ಯಾಪಾರಿ, ಸುಮ್ನೆ ಒಪ್ಪಲಿಲ್ಲ. "ಸೊಪ್ಪು ಜಾಸ್ತಿ ತರಬೇಡಿ, ಬಿಡಿಸೋಕೆ ನನ್ನ ಹತ್ತಿರ ಆಳಿಲ್ಲ. ಸೀಮೆಬದನೆ, ಕುಂಬಳ, ಬೀನ್ಸ್ ತನ್ನಿ. ಮಳೆಗಾಲದಲ್ಲಿ ತರಕಾರಿ ಇಲ್ಲ ಅಂದ್ರೆ ದುಡ್ಡು ಕೊಡಿ." ನ್ಯಾಯವೇ. ಮಳೆಗಾಲಕ್ಕೆ ಅಂತ ಮನೆಗಿಷ್ಟು ಅಂತ ಎತ್ತಿಡುತ್ತಾ ಇದ್ದೇವೆ. ಸೊಪ್ಪು ಈಗ ಲೈನ್ ಮನೆಗಳಿಗೆ ಹೋಗುತ್ತದೆ. ಆ ಚಪ್ಪಟೆ ಕುಂಬಳಕಾಯಿಯೇ ಮೊದಲ ಕಂತಾಗಿ ಮೆಸ್ ಸೇರಿತು.

ಅಜ್ಜ ಊಟಕ್ಕೆ ಹೋಗುತ್ತಾರೆ, ಇನ್ನೂ ಇಬ್ಬರನ್ನು ಕರೆದುಕೊಂಡು. ತೋಟಕ್ಕೂ ಬರುತ್ತಾರೆ. ಸುಣ್ಣ ಬಿದ್ದ ಮೇಲೆ ಹಾಕಿದ ಬೀನ್ಸ್ ಹಸಿರಾಗಿ ಎದ್ದಿದೆ. ಆದರೆ ತೊಟ್ಟಿಲು ಗುಂಡಿ ತೆಗೆದದ್ದಕ್ಕೆ ಊಟ ಕೊಟ್ಟು ಮುಗಿಸಬೇಡಿ ಅಂತ ನೇರವಾಗಿಯೇ ಹೇಳಿದ್ದಾರೆ. ಊಟ ಬೇರೆ, ಕೂಲಿ ಬೇರೆ. ಕಾಫಿ ತೋಟದಲ್ಲಿ ಗಂಡಾಳಿಗೆ ಎಷ್ಟು ಕೊಡ್ತಾರೋ ಅಷ್ಟು ಬೇಕಂತೆ. ವಯಸ್ಸಾಗಿದೆ, ಅರ್ಧ ದಿನದ ಲೆಕ್ಕ ಹಾಕೋಣ ಅನ್ನೋದು ಅಕ್ಕನ ವಾದ. ಇನ್ನೂ ತೀರ್ಮಾನ ಆಗಿಲ್ಲ. ಗುಂಡಿ ನೋಡಿದ ಮೇಲೆ ನಾನಂತೂ ಅಜ್ಜನ ಕಡೆ.