ಆಲೆಮನೆಯಲ್ಲಿ ಕಾಲು ಜಾರುವ ಜಾಗಗಳು

ಮಂಡ್ಯ, ಮದ್ದೂರು, ಪಾಂಡವಪುರ ಕಡೆ ಬೆಲ್ಲ ಮಾಡುವ ಆಲೆಮನೆಯ ಅಪಘಾತ ಅಂದರೆ ಕಬ್ಬು ಅರೆಯುವ ಗಾಣಕ್ಕೆ ಕೈ ಸಿಕ್ಕಿದ ಮಾತೇ ಮೊದಲು ಬರುತ್ತದೆ. ಕೈ ಸಿಕ್ಕುವ ಮೊದಲು ಕಾಲು ಜಾರಿತ್ತೇ ಅಂತ ಕೇಳುವವರು ಕಡಿಮೆ.

ಇಲ್ಲಿ ನೆಲ ಜಾರುವುದು ಬರೀ ನೀರಿನಿಂದಲ್ಲ. ಚೆಲ್ಲಿದ ಕಬ್ಬಿನ ಹಾಲು ಒಣಗಿದರೆ ಅಂಟು, ಮತ್ತೆ ನೆನೆದರೆ ಜಾರಿಕೆ. ಮಡ್ಡಿ ಮೇಲೆ ಬರಲೆಂದು ಹಾಕುವ ಬೆಂಡೆಯ ಲೋಳೆ, ನೊರೆ ಉಕ್ಕದಿರಲೆಂದು ಬಿಡುವ ಎಣ್ಣೆ, ಎರಡೂ ತೊಟ್ಟಿಕ್ಕುವುದು ಹಾಲು ಕುದಿಸುವ ಕೊಪ್ಪರಿಗೆ ಪಕ್ಕದಲ್ಲೇ. ಒಲೆಯ ಬೂದಿ ಎರಚಿದರೆ ಸಾಕು ಅನ್ನುತ್ತಾರೆ. ಒಣ ಬೂದಿ ಹೀರಿಕೊಳ್ಳುತ್ತದೆ, ನಿಜ. ನೆನೆದ ಮೇಲೆ ಅದೇ ಕೆಸರು. ಎರಚಿದ ಕೂಡಲೇ ಗುಡಿಸಿ, ಬಿಸಿನೀರಲ್ಲಿ ತೊಳೆದು, ನೀರು ಎಳೆದು ಒಣಗಿಸಬೇಕು. ಸಕ್ಕರೆ ಅಂಶ ತಣ್ಣೀರಿಗಿಂತ ಬಿಸಿನೀರಿಗೆ ಬೇಗ ಬಿಡುತ್ತದೆ.

ಹೊಸದಾಗಿ ನೆಲ ಮಾಡಿಸುವವರು ನುಣುಪು ಗಾರೆ ಬೇಡ ಅನ್ನಿ. ಗಾರೆ ಹಸಿ ಇದ್ದಾಗಲೇ ಪೊರಕೆ ಎಳೆಸಿ ಗೀರು ಬಿಡಿಸಿ. ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು ಕೊಟ್ಟು ನೀರನ್ನು ಚರಂಡಿಗೆ ತಿರುಗಿಸಿ. ಕೊಪ್ಪರಿಗೆಯ ಅಂಚು ನೆಲಮಟ್ಟದಲ್ಲೇ ಇದ್ದರೆ ಸೊಂಟದೆತ್ತರಕ್ಕೆ ಕಬ್ಬಿಣದ ಕಂಬಿ ಹಾಕಿಸಿ. ಪಾಕ ಇಳಿಸುವ ಕಡೆ ಮಾತ್ರ ಕಂಬಿ ತೆಗೆದು ಮತ್ತೆ ಹಾಕುವಂತಿರಲಿ. ಇದಕ್ಕೆ ದುಡ್ಡಿಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಗಾಣದ ಬಾಯಿಯ ಮುಂದೆ ರಚ್ಚು (ಅರೆದ ಕಬ್ಬಿನ ಸಿಪ್ಪೆ), ಸೋಗೆ (ಕಬ್ಬಿನ ಎಲೆ) ಬಿದ್ದಿರಬಾರದು, ಕಾಲಿಗೆ ಸುತ್ತಿಕೊಳ್ಳುತ್ತದೆ. ಹವಾಯಿ ಚಪ್ಪಲಿಯಂತೂ ಬೇಡವೇ ಬೇಡ. ಗಮ್ ಬೂಟು ಹಾಕಿದರೆ ಪ್ಯಾಂಟು ಬೂಟಿನ ಹೊರಗಿರಲಿ, ಇಲ್ಲದಿದ್ದರೆ ಪಾಕ ಒಳಗೇ ಇಳಿಯುತ್ತದೆ.

ಗಟ್ಟಿ ಬೆಲ್ಲಕ್ಕೆ ಪಾಕ ಇಳಿಸುವಾಗ ಅದರ ಬಿಸಿ ಸುಮಾರು 118 ಡಿಗ್ರಿ ಸೆಲ್ಸಿಯಸ್. ಕುದಿನೀರಾದರೆ ಹರಿದು ಹೋಗುತ್ತದೆ, ಪಾಕ ಚರ್ಮಕ್ಕೆ ಕಚ್ಚಿ ಒಳಗೊಳಗೇ ಸುಡುತ್ತದೆ. ಪಾಕ ಬಿದ್ದು ಸುಟ್ಟ ಜಾಗಕ್ಕೆ ಕೂಡಲೇ ತಣ್ಣೀರು ಬಿಡಿ, 20 ನಿಮಿಷ ಬಿಡುತ್ತಲೇ ಇರಿ. ಊದಿಕೊಳ್ಳುವ ಮೊದಲು ಬಳೆ, ಉಂಗುರ ತೆಗೆಯಿರಿ. ಅಂಟಿದ ಬಟ್ಟೆ ಕೀಳಬೇಡಿ. ಇಂಕು, ಟೂತ್‌ಪೇಸ್ಟ್, ಐಸು ಯಾವುದೂ ಬೇಡ. ನೀರು ಬಿಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಸುಡದೆ ಬರೀ ಬಿದ್ದರೂ ಹಗುರವಾಗಿ ನೋಡಬೇಡಿ. ಕೈಯೂರಿ ಬಿದ್ದರೆ ಮಣಿಕಟ್ಟು, ವಯಸ್ಸಾದವರು ಪಕ್ಕಕ್ಕೆ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ತೊದಲು ಕಂಡರೆ ಕಾಯದೆ ಆಸ್ಪತ್ರೆಗೆ ಸೇರಿಸಿ. ನಾಟಿ ಕಟ್ಟು ಕಟ್ಟಿಸುವ ಆಸೆ ಇದ್ದವರೂ ಮೊದಲು ಎಕ್ಸ್‌ರೇ ತೆಗೆಸಲಿ. ಮುರಿದಿದೆಯೋ ಇಲ್ಲವೋ ತಿಳಿಯದೆ ಎಣ್ಣೆ ಹಾಕಿ ನೀವಿದರೆ ಮುರಿದ ಮೂಳೆ ಇನ್ನಷ್ಟು ಸರಿಯುತ್ತದೆ.