ಸಣ್ಣ ರೇಸಿನ ದೊಡ್ಡ ದಾಖಲೆ

ಇವತ್ತು ಬೆಳಿಗ್ಗೆ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸ್ ಬಳಿ ವಾಕಿಂಗ್ ಹೋಗಿದ್ದೆ. ಅಭ್ಯಾಸ ಮುಗಿಸಿ ಬಂದ ಕಂದು ಕುದುರೆಯೊಂದರ ಕುತ್ತಿಗೆಯ ಮೇಲೆ, ಲಗಾಮು ಉಜ್ಜಿದ ಜಾಗದಲ್ಲಿ, ಬೆವರು ಬಿಳಿ ನೊರೆಯಾಗಿ ನಿಂತಿತ್ತು. ನನಗೆ ರ‍್ಯಾಪಿಡ್ ರಿಡಕ್ಸ್ ನೆನಪಾಯಿತು.

ಅಮೆರಿಕದ ಆ ಕುದುರೆಯನ್ನು 2010ರಲ್ಲಿ ಬರೀ 6,250 ಡಾಲರ್‌ಗೆ ಕೊಂಡಿದ್ದರು. ಅದು ಸತತವಾಗಿ 22 ರೇಸ್ ಗೆದ್ದಿತು. 2011ರ ಒಂದೇ ವರ್ಷದಲ್ಲಿ 19 ಗೆಲುವು! 1948ರಲ್ಲಿ ಟ್ರಿಪಲ್ ಕ್ರೌನ್ (ಅಮೆರಿಕದ ಮೂರು ದೊಡ್ಡ ರೇಸುಗಳನ್ನು ಒಂದೇ ವರ್ಷ ಗೆಲ್ಲುವ ಸಾಧನೆ) ಗೆದ್ದ ಸೈಟೇಷನ್ ಎಂಬ ಕುದುರೆ ಆ ವರ್ಷ ಗೆದ್ದದ್ದೂ ಅಷ್ಟೇ. ರಿಡಕ್ಸ್ ಓಡಿದ್ದೆಲ್ಲ ಸಣ್ಣ ರೇಸುಗಳು, ಎದುರಿಗಿದ್ದವೂ ಸಾಮಾನ್ಯ ಕುದುರೆಗಳು, ಹಾಗಾಗಿ ಅದಕ್ಕೆ ಈ ದಾಖಲೆ ಸಲ್ಲದು ಎನ್ನುವವರಿದ್ದಾರೆ.

ನಾನು ಒಪ್ಪುವುದಿಲ್ಲ. ಯಾವ ರೇಸಿನಲ್ಲಿ ಓಡಬೇಕೆಂದು ತೀರ್ಮಾನಿಸುವವರು ಮಾಲೀಕ ಮತ್ತು ತರಬೇತುದಾರ, ಕುದುರೆಯಲ್ಲ. ತಿಂಗಳಿಗೆ ಒಂದೆರಡು ಸಲ ಓಡುತ್ತಾ, ಕಾಲಿಗೆ ಪೆಟ್ಟು ಮಾಡಿಕೊಳ್ಳದೆ, ಒಂದು ದಿನವೂ ಮಂಕಾಗದೆ ವರ್ಷವಿಡೀ ಗೆಲ್ಲುವುದು ಸುಮ್ಮನೆ ಮಾತೇ? ಸೈಟೇಷನ್ ಮಹಾನ್ ಕುದುರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶ್ರೇಷ್ಠತೆಯ ವಾದ ಬೇರೆ, ಗೆಲುವಿನ ಲೆಕ್ಕ ಬೇರೆ. ಎದುರಾಳಿಗಳು ಯಾರಿದ್ದರು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ, ಬೇಡವೆನ್ನುವುದಿಲ್ಲ. ಪೋರ್ಟೊ ರಿಕೊದಲ್ಲಿ ಸತತ 56 ರೇಸ್ ಗೆದ್ದ ಕಮರೆರೊ ಎಂಬ ಕುದುರೆಯ ವಿಚಾರದಲ್ಲೂ ನನ್ನ ನಿಲುವು ಇದೇ.