ಮಂಚದ ಮೇಲಿನ ಟವಲ್ಲು

ಮಂಚದ ಮೇಲೆ ಹೊಸ ಟವಲ್ ಮಡಿಸಿ ಇಟ್ಟಿತ್ತು. ಅದರ ಮೇಲೆ ಒಂದು ಮೈಸೂರು ಸ್ಯಾಂಡಲ್ ಸೋಪು, ಡಬ್ಬಿ ಸಮೇತ. ಪಕ್ಕದ ಸ್ಟೂಲಿನ ಮೇಲೆ ಚೊಂಬಿನ ತುಂಬ ನೀರು, ಅದರ ಮೇಲೆ ಲೋಟ ಬೋರಲು.

ಇಷ್ಟೇ ವಿಷಯ. ಸೋಮವಾರ ಬೆಳಗ್ಗೆ ಕುವೆಂಪುನಗರದ ನಮ್ಮ ಮನೆಗೆ ಬಂದು ಬ್ಯಾಗ್ ಇಳಿಸಿದಾಗ ಕಂಡದ್ದು. ಇವತ್ತು ಶುಕ್ರವಾರ. ಇನ್ನೂ ಅದು ಕಣ್ಣಿನಿಂದ ಹೋಗಿಲ್ಲ.

ಯಾಕೆಂದರೆ ಟವಲ್ ಮಡಿಸಿಡುವುದು ನನ್ನ ಕೆಲಸ. ಬಾಲಿಯ ಉಬುದ್‌ನಲ್ಲಿ ನಾನು ನಡೆಸುವ ಗೆಸ್ಟ್‌ಹೌಸಿನಲ್ಲಿ ಐದು ರೂಮುಗಳಿವೆ. ಪ್ರತಿ ಮಂಚದ ಮೇಲೂ ಟವಲ್, ಟವಲ್ ಮೇಲೆ ಸೋಪು, ಪಕ್ಕದಲ್ಲಿ ಕುಡಿಯುವ ನೀರು. 2019ರಿಂದ ಇದನ್ನೇ ಮಾಡುತ್ತಿದ್ದೇನೆ. ಹಾಗಾಗಿ ಆ ಜೋಡಣೆ ಏನು ಹೇಳುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನೀವು ಬಂದದ್ದು ಸಂತೋಷ, ನೀವು ಹೋಗುತ್ತೀರಿ ಅಂತಲೂ ಗೊತ್ತು. ಅಷ್ಟೇ ಅದರ ಅರ್ಥ.

ಅಮ್ಮ ಕಾಫಿ ತಂದಳು. ಶೋಕೇಸಿನ ಪಿಂಗಾಣಿ ಕಪ್ಪಿನಲ್ಲಿ. ಕೇಳಿದಳು, "ಎಷ್ಟ್ ದಿನ ಇರ್ತೀಯಪ್ಪ?"

ಮೊದಲಾಗಿದ್ದರೆ "ಯಾವಾಗ ಹೋಗ್ಬೇಕೋ?" ಅನ್ನುತ್ತಿದ್ದಳು. ಆ 'ಓ' ಎಲ್ಲಿ ಹೋಯಿತು? 'ಅಪ್ಪ' ಯಾವಾಗ ಬಂದು ಸೇರಿಕೊಂಡಿತು? ನನ್ನ ಸ್ಟೀಲ್ ಲೋಟ ಎಲ್ಲಿ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. "ಹತ್ತು ದಿನ" ಅಂದೆ.

ನಾನೂ ಬಂದವರನ್ನು ಅದನ್ನೇ ಕೇಳುವುದು. ಪಾಸ್‌ಪೋರ್ಟ್ ತೆಗೆದುಕೊಂಡು, ನಗುತ್ತಾ, ಎಷ್ಟು ರಾತ್ರಿ ಇರ್ತೀರಿ ಅಂತ. ಅದರಲ್ಲಿ ಕೆಟ್ಟದ್ದೇನಿಲ್ಲ. ಬೆಡ್‌ಶೀಟು ಎಷ್ಟು ಬೇಕು, ಮೊಟ್ಟೆ ಎಷ್ಟು ತರಿಸಬೇಕು ಅಂತ ಲೆಕ್ಕ ಬೇಕಲ್ವಾ? ಅಮ್ಮನದೂ ಅವರೆಕಾಯಿ ಲೆಕ್ಕವೇ ಇರಬಹುದು. ಜನವರಿ ತಿಂಗಳು, ಮನೆ ತುಂಬ ಅವರೆಕಾಯಿ ವಾಸನೆ. ಹಾಗಂತ ಸಮಾಧಾನ ಮಾಡಿಕೊಂಡು ಮಧ್ಯಾಹ್ನ ಅವಳ ಪಕ್ಕ ಕೂತು ಬೇಳೆ ಹಿತಕಲು ಕೈ ಹಾಕಿದೆ. "ನೀನ್ಯಾಕೆ, ಹೋಗಿ ಕೂತ್ಕೋ" ಅಂತ ಮೊರ ಪಕ್ಕಕ್ಕೆ ಎಳೆದುಕೊಂಡಳು. ನಮ್ಮಲ್ಲೂ ಕೆಲವು ಅತಿಥಿಗಳು ತಿಂದ ತಟ್ಟೆ ತೊಳೆಯಲು ಹೋಗುತ್ತಾರೆ. ಡಚ್ಚರು ಜಾಸ್ತಿ. ನಾನೂ ಬೇಡ ಬೇಡ ಅಂತ ಕಿತ್ತುಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಅವರು ಸರಿಯಾಗಿ ತೊಳೆಯುವುದಿಲ್ಲ.

ನನ್ನ ಕೆಲಸದ ಬಗ್ಗೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪ ವಾಕಿಂಗ್ ಗೆಳೆಯರ ಹತ್ತಿರ "ಟೂರಿಸಂನಲ್ಲಿದಾನೆ" ಅನ್ನುತ್ತಾರೆ, ಯಾವುದೋ ಇಲಾಖೆ ಅನ್ನುವ ಹಾಗೆ. ಚಿಕ್ಕಪ್ಪ ಮಂಗಳವಾರ ಬಂದವರು "ಅಂದ್ರೆ ಲಾಡ್ಜು" ಅಂದರು. ಎಲ್ಲದಕ್ಕೂ ಒಂದು ಕೀಳು ಹೆಸರು ಹುಡುಕುವುದು ಅವರ ಚಟ. ಆದರೆ ಈ ಸಲ ತಪ್ಪೇನೂ ಹೇಳಲಿಲ್ಲ. ಲಾಡ್ಜೇ. ಅದೂ ನನ್ನದಲ್ಲ. ಪರದೇಶದವರು ಅಲ್ಲಿ ನಮ್ಮ ಹಾಗೆ ಜಮೀನು ಕೊಂಡು ಪೂರ್ತಿ ಒಡೆಯರಾಗಲು ಆಗುವುದಿಲ್ಲ. ಲೀಸ್ ಅಷ್ಟೇ. ಮನೆ ಒಡತಿ ಅದೇ ಆವರಣದಲ್ಲಿ ಇರುತ್ತಾರೆ. ಅವರನ್ನು ನಾನು ಇಬು ಅನ್ನುತ್ತೇನೆ, ಅಂದರೆ ಅಮ್ಮ. ಬೆಳಗ್ಗೆ ಎದ್ದು ತೆಂಗಿನ ಎಳೆ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಊದುಬತ್ತಿ ಇಟ್ಟು ಬಾಗಿಲಿಗೆ, ಬೀದಿಗೆ, ನನ್ನ ಸ್ಕೂಟರಿಗೂ ಒಂದೊಂದು ಇಡುತ್ತಾರೆ.

"ಬರೆದದ್ದಕ್ಕೆ ದುಡ್ಡು ಯಾರ್ ಕೊಡ್ತಾರೋ?" ಇದು ಚಿಕ್ಕಪ್ಪನ ಎರಡನೇ ಪ್ರಶ್ನೆ. ನಾನು ಬರೆಯುವ ಪ್ರವಾಸದ ಬ್ಲಾಗ್ ಬಗ್ಗೆ. ಇದಕ್ಕೆ ಉತ್ತರ ಹೇಳುವುದು ನನಗೂ ಕಷ್ಟ. ಜಾಹೀರಾತಿನವರು ಕೊಡುತ್ತಾರೆ. ಅಮೆರಿಕದವರು ಓದಿದರೆ ಜಾಸ್ತಿ, ನಮ್ಮೂರಿನವರು ಓದಿದರೆ ಕಮ್ಮಿ. ಓದುವ ಕಣ್ಣಿಗೂ ದೇಶ ನೋಡಿ ರೇಟು. ಡಿಸೆಂಬರ್‌ನಲ್ಲಿ ಕಂಪನಿಗಳು ಇರೋ ಬರೋ ದುಡ್ಡೆಲ್ಲ ಸುರಿದು, ಜನವರಿಯಲ್ಲಿ ಕೈ ಕಟ್ಟಿ ಕೂರುತ್ತವೆ. ಅದಕ್ಕೇ ಪ್ರತಿ ಸಂಕ್ರಾಂತಿಗೆ ನನ್ನ ಜೇಬು ಖಾಲಿ.

ಆದರೂ ಆ ಬ್ಲಾಗ್ ಇಲ್ಲದಿದ್ದರೆ ನಾನು ಯಾವತ್ತೋ ಮೈಸೂರಿಗೆ ವಾಪಸ್ ಬಂದಿರುತ್ತಿದ್ದೆ. 2020ರ ಏಪ್ರಿಲ್‌ನಿಂದ ಹೆಚ್ಚುಕಮ್ಮಿ ಎರಡು ವರ್ಷ ಬಾಲಿಗೆ ಹೊರದೇಶದ ಪ್ರವಾಸಿಗರೇ ಇಲ್ಲ. ಐದೂ ರೂಮು ಖಾಲಿ. ಪ್ರವಾಸದ ಬರಹ ಯಾರಿಗೆ ಬೇಕು ಆಗ? ಮಳೆಗಾಲದಲ್ಲಿ ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ ಏನು ಮಾಡಬೇಕು ಅಂತ ಸುಮ್ನೆ ಒಂದು ಬರೆದು ಹಾಕಿದ್ದೆ. ಆ ಬೂಷ್ಟು ನನಗೆ ಅನ್ನ ಹಾಕಿತು. ಗದ್ದೆ ಮೇಲಿನ ಸೂರ್ಯೋದಯದ ಬಗ್ಗೆ ಜೀವ ತೇಯ್ದು ಬರೆದದ್ದು ಇವತ್ತಿಗೂ ತಿಂಗಳಿಗೊಂದು ಕಾಫಿಯ ದುಡ್ಡು ತರುವುದಿಲ್ಲ.

ಮಂಗಳವಾರ ರಾತ್ರಿ ನಿದ್ದೆ ಬರದೆ ನನ್ನ ಹಳೇ ಬರಹಗಳನ್ನು ತೆಗೆದು ಓದುತ್ತಾ ಕೂತೆ. ಎಲ್ಲ ಕಡೆ ಒಂದೇ ಸಾಲು: ನಮ್ಮಲ್ಲಿಗೆ ಬಂದವರು ಅತಿಥಿಗಳಲ್ಲ, ಮನೆಯವರು. ನಾಚಿಕೆ ಆಯಿತು. ಮನೆಯವರಿಗೆ ಯಾರಾದರೂ ಸೋಪನ್ನು ಡಬ್ಬಿ ಸಮೇತ ಕೊಡುತ್ತಾರಾ? ಮನೆಯವರ ಸೋಪು ಬಚ್ಚಲಿನಲ್ಲಿರುತ್ತದೆ. ಸವೆದ ಚೂರನ್ನು ಹೊಸದರ ಬೆನ್ನಿಗೆ ಅಂಟಿಸಿ, ಅದರಲ್ಲೇ ನಾಲ್ಕು ಜನ ಉಜ್ಜಿಕೊಳ್ಳುವುದು. ಬುಧವಾರ ನಾನು ಅದರಲ್ಲೇ ಸ್ನಾನ ಮಾಡಿ, ಮಂಚದ ಮೇಲಿದ್ದ ಸೋಪನ್ನು ಅಮ್ಮನ ಬೀರುವಿನಲ್ಲಿಟ್ಟೆ. ಸಂಜೆ ಹೊತ್ತಿಗೆ ಅದು ಮತ್ತೆ ಟವಲ್ ಮೇಲೆ ಬಂದು ಕೂತಿತ್ತು.

ಮಂಡ್ಯದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. ನಕ್ಕಳು. ಬಹಳ ಹೊತ್ತು ನಕ್ಕಳು.

"ನಿಂಗೆ ಈಗ ಬಂತೇನೋ ಟವಲ್ಲು? ನಂಗೆ ಮದುವೆಯಾದ ವರ್ಷ ಗೌರಿಹಬ್ಬಕ್ಕೇ ಬಂತು. ಪಿಂಗಾಣಿ ಕಪ್ಪೂ ಬಂತು. ನಾನೇನು ಅತ್ಕೊಂಡು ಕೂತ್ನಾ?"

ನಾನು ಮಾತಾಡಲಿಲ್ಲ. ಆ ಗೌರಿಹಬ್ಬದಲ್ಲಿ ನಾನು ಇದೇ ಮನೆಯಲ್ಲಿದ್ದೆ. ಟವಲ್ ನೋಡಿದ ನೆನಪೇ ಇಲ್ಲ. ನೆನಪಿರುವುದು ಇಷ್ಟು: ಅವಳು ಹೋದ ವಾರವೇ ಅವಳ ಬೀರುವಿನ ಅರ್ಧಕ್ಕೆ ನನ್ನ ಬಟ್ಟೆ ತುಂಬಿದ್ದೆ. ಅಮ್ಮ ಬೇಡ ಅನ್ನಲಿಲ್ಲ. ಅಕ್ಕನನ್ನು ಯಾರೂ ಕೇಳಲೂ ಇಲ್ಲ. ಈಗ ಅದೇ ಬೀರುವಿನಲ್ಲಿ ಅಪ್ಪನ ಹಳೇ ಫೈಲುಗಳು, ಮಿಕ್ಸಿಯ ಖಾಲಿ ಡಬ್ಬಿ ಇವೆ. ನನ್ನನ್ನೂ ಯಾರೂ ಕೇಳಿಲ್ಲ.

ಊಟಕ್ಕೆ ಕೂತಾಗ ಅಮ್ಮ, "ಯುಗಾದಿಗೆ ಬರಕ್ಕಾಗುತ್ತಾ?" ಅಂದಳು. ಆಗಲ್ಲ. ಬಾಲಿಯ ಹೊಸ ವರ್ಷ, ನ್ಯೆಪಿ ಅಂತ, ಎಷ್ಟೋ ಸಲ ಅದೇ ಆಸುಪಾಸಿಗೆ ಬರುತ್ತದೆ. 2023ರಲ್ಲಂತೂ ಎರಡೂ ಮಾರ್ಚ್ 22ಕ್ಕೇ ಬಿದ್ದವು. ಅವರದೂ ಶಕವರ್ಷವೇ, ನಮ್ಮ ಪಂಚಾಂಗದ ಹಾಗೇ 1945. ಆದರೆ ಆಚರಣೆ ಪೂರಾ ಬೇರೆ. 24 ಗಂಟೆ ದೀಪ ಹಾಕುವ ಹಾಗಿಲ್ಲ, ಬೀದಿಗೆ ಇಳಿಯುವ ಹಾಗಿಲ್ಲ, ವಿಮಾನ ನಿಲ್ದಾಣವೂ ಬಂದ್. ಮೊಬೈಲ್ ಇಂಟರ್ನೆಟ್ಟೂ ಇರುವುದಿಲ್ಲ. ಅತಿಥಿಗಳೂ ಒಳಗೇ ಇರಬೇಕು, ಅವರಿಗೆ ಹಿಂದಿನ ದಿನವೇ ಅಡುಗೆ ಮಾಡಿಡಬೇಕು. ಆ ವರ್ಷ ಅಮ್ಮ ಬೇವುಬೆಲ್ಲ ತಿಂದೆಯಾ ಅಂತ ಕೇಳಲು ವಾಟ್ಸಾಪ್‌ನಲ್ಲಿ ಕರೆ ಮಾಡಿ ಮಾಡಿ ಸಾಕಾಗಿದ್ದಳಂತೆ. ನಾನು ಕತ್ತಲಲ್ಲಿ ಐದು ರೂಮಿನ ಜನರನ್ನು ಕಾಯುತ್ತಾ ಕೂತಿದ್ದೆ.

"ಹೋಗ್ಲಿ ಬಿಡು. ಅಲ್ಲೂ ಜನ ಇದಾರಲ್ಲ" ಅಂದಳು. ಬೇಜಾರಿಗೆ ಅಂದದ್ದೋ, ನಿಜವಾಗಿ ಅಂದದ್ದೋ ಗೊತ್ತಾಗಲಿಲ್ಲ.

ಇವತ್ತು ಬೆಳಗಿನ ಜಾವ ಐದಕ್ಕೆ ಫೋನ್. ಅಲ್ಲಿ ಆಗಲೇ ಏಳೂವರೆ. ಮೂರನೇ ರೂಮಿನ ಹುಡುಗಿ, ಬಿಸಿನೀರು ಬರುತ್ತಿಲ್ಲ. ಇಬು ದೇವಸ್ಥಾನಕ್ಕೆ ಹೋಗಿದ್ದರು. ಹಾಲಿಗೆ ಬಂದು ಪಿಸುಮಾತಿನಲ್ಲಿ ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ. ಗ್ಯಾಸ್ ಗೀಸರ್, ಕೆಳಗಡೆ ಒಂದು ಪುಟ್ಟ ಮುಚ್ಚಳ, ಒಳಗೆ ಎರಡು ದಪ್ಪ ಬ್ಯಾಟರಿ. ಹೊಸವು ಅಡುಗೆಮನೆಯ ಎರಡನೇ ಡ್ರಾಯರಿನಲ್ಲಿವೆ. ಫೋನ್ ಇಟ್ಟು ತಿರುಗಿದರೆ ಅಮ್ಮ ಕತ್ತಲಲ್ಲಿ ನಿಂತಿದ್ದಳು.

"ಯಾರು?"

"ರೂಮಲ್ಲಿರೋ ಹುಡುಗಿ. ಬಿಸಿನೀರು ಬರ್ತಿಲ್ವಂತೆ."

"ಎಷ್ಟ್ ದಿನ ಇರ್ತಾಳೆ?"

"ನಾಳೆ ಹೋಗ್ತಾಳೆ."

"ಪಾಪ. ಹೋಗೋರನ್ನ ತಣ್ಣೀರಲ್ಲಿ ಸ್ನಾನ ಮಾಡಿಸಿ ಕಳಿಸಬೇಡ."

ದೀಪ ಹಾಕಿ ಅಡುಗೆಮನೆಗೆ ಹೋದಳು. ನಾನು ಸೋಫಾದಲ್ಲೇ ಒರಗಿದೆ. ಕಣ್ಣು ಹತ್ತಿರಬೇಕು. ಒಗ್ಗರಣೆ ಸದ್ದಿನ ನಡುವೆ ಅವಳ ಕೂಗು ಕೇಳಿ ಎಚ್ಚರವಾಯಿತು.

"ಬಂತೇನೋ ಅವಳಿಗೆ ಬಿಸಿನೀರು?"